ನೆರೆಯ ದಿನಗಳಲ್ಲಿ ಗೆಳೆಯರಿಗೊಂದು ಸಂದೇಶ

ಪೀಠಿಕೆ

ಅರಬ್ಬೀ ಸಮುದ್ರದ ಮುಂಗಾರು ಮಾರುತಗಳು ಸಹ್ಯಾದ್ರಿಯಲ್ಲಿ ಸುರಿಸುವ ಮಳೆಯು ನಮ್ಮ ಜಿಲ್ಲೆಯಲ್ಲಿ ನೆರೆಯಾಗಿ ಹರಿಯುತ್ತದೆ. ಇಚಲಕರಂಜಿಯವರಿಗೆ ಪಂಚಗಂಗೆ, ಗಡಹಿಂಗ್ಲಜದವರಿಗೆ ಹಿರಣ್ಯಕೇಶಿ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆಯ ಮಟ್ಟ 55 ಅಡಿಯನ್ನು ಮೀರಿತು. ಶಿರೋಳಿಯ ಬಳಿ ರಾಷ್ಟ್ರೀಯ ಹೆದ್ದಾರಿ ಹಲವು ದಿನ ಮುಚ್ಚಿತ್ತು. 2021ರ ಜುಲೈಯಲ್ಲಿ ಅದೇ ಸ್ಥಿತಿ ಮರುಕಳಿಸಿತು. ಆಗ ಒಂದೇ ತರಗತಿಯ ಗೆಳೆಯರು ಬೇರೆ ಬೇರೆ ದಡಗಳಲ್ಲಿ ಉಳಿಯುತ್ತಾರೆ. ಪತ್ರಲೇಖನದಲ್ಲಿ ‘ನಾವು ಕ್ಷೇಮ’ ಎಂಬ ಒಕ್ಕಣೆಯನ್ನು ಕಲಿಸುತ್ತೇವೆ. ನೆರೆಯ ದಿನ ಅಷ್ಟೇ ಸಾಲದು. ಎಲ್ಲಿ, ಯಾರೊಡನೆ, ಯಾವಾಗಿನ ಕ್ಷೇಮ ಎಂಬುದೂ ತಿಳಿಯಬೇಕು.

ಕಲಿಕೆಯ ಉದ್ದೇಶಗಳು

1. ಮರಾಠಿ ಮುನ್ನೆಚ್ಚರಿಕೆಯನ್ನು ಓದಿ ಕನ್ನಡದಲ್ಲಿ ಸರಿಯಾಗಿ ಅರ್ಥೈಸುವುದು.
2. ಚಿಕ್ಕದಾದ, ಸಂಪೂರ್ಣವಾದ ಸಂದೇಶವನ್ನು ಬರೆಯುವುದು.

ಚಟುವಟಿಕೆ 1: ಪದಗಳ ಅರ್ಥ

‘ಇಶಾರಾ ಪಾತಳಿ’, ‘ಧೋಕಾ ಪಾತಳಿ’ ಎಂಬ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಅರ್ಥ ಕೇಳಿರಿ. ಕನ್ನಡದ ಮಾತಿನಲ್ಲಿ ‘ಧೋಕಾ’ ಎಂದರೆ ಮೋಸ, ಮರಾಠಿಯಲ್ಲಿ ಅಪಾಯ. ಕೇಳಿದ ಪದವೇ ಆದುದರಿಂದ ಮಗು ಅರ್ಥವನ್ನು ವಿಚಾರಿಸದೆ ಮುಂದೆ ಸಾಗುವುದುಂಟು. ರಾಜಾರಾಮ ಬಂಧಾರದಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಇವೆರಡನ್ನು ಗೆರೆ ಎಳೆದು ತೋರಿಸಿರಿ. 2019ರ ನೀರು ಎರಡನೆಯ ಗೆರೆಗಿಂತ 12 ಅಡಿಗೂ ಹೆಚ್ಚು ಮೇಲಿತ್ತೆಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ.

ಚಟುವಟಿಕೆ 2: ಸಂದೇಶ ರಚನೆ

‘ನೀರು ಬಂದಿದೆ, ಬೇಗ ಬಾ’ ಎಂಬ ಸಂದೇಶವನ್ನು ಮೊದಲು ಚರ್ಚೆಗೆ ಇಡಿರಿ. ಯಾರು ಬರೆದರು? ಎಲ್ಲಿಂದ? ನಂಬಿ ಹೊರಟ ಗೆಳತಿಯ ಗತಿಯೇನು? ಬಳಿಕ ಈ ಮಾದರಿಯನ್ನು ಓದಿಸಿರಿ:

‘ಸುಮಾ, ನಾನು ರೇಖಾ. ಮಂಗಳವಾರ ಬೆಳಿಗ್ಗೆ 8 ಗಂಟೆ. ನಾವು ನಾಲ್ವರೂ ಶಾಲೆಯ ಮೇಲ್ಮಹಡಿಯಲ್ಲಿದ್ದೇವೆ. ಅಜ್ಜಿಯ ಗುಳಿಗೆ ಎರಡು ದಿನಕ್ಕೆ ಸಾಕು. ನೀನು ಇತ್ತ ಬರಬೇಡ. ಸಂಜೆ 6ಕ್ಕೆ ಮತ್ತೆ ತಿಳಿಸುತ್ತೇನೆ.’

ಹೆಸರು, ಸಮಯ, ಸ್ಥಳ, ಜನ, ಅಗತ್ಯ, ಮುಂದಿನ ಸಂದೇಶದ ವೇಳೆ: ಈ ಆರು ಅಂಶಗಳನ್ನು ಮಕ್ಕಳು ಗುರುತಿಸಲಿ. ‘ಬರಬೇಡ’ ಎಂಬ ಮಾತಿನಲ್ಲಿರುವ ಸ್ನೇಹವನ್ನೂ ಗಮನಕ್ಕೆ ತನ್ನಿರಿ.

ಚಟುವಟಿಕೆ 3: ಸಂಪರ್ಕ ಸರಪಳಿ

ಮಳೆಗಾಲಕ್ಕೆ ಮೊದಲೇ ಪ್ರತಿ ಮಗುವಿಗೆ ಇಬ್ಬರು ಗೆಳೆಯರನ್ನು ಗೊತ್ತುಪಡಿಸಿರಿ. ಮನೆಯವರ ಒಪ್ಪಿಗೆಯಿಂದ ಅವರ ದೂರವಾಣಿ ಸಂಖ್ಯೆಗಳನ್ನು ಕಾಗದದಲ್ಲಿ ಬರೆಸಿರಿ. ಮೊಬೈಲಿನ ಚಾರ್ಜ್ ಮುಗಿದರೆ ಅದರೊಳಗಿನ ಸಂಖ್ಯೆ ದೊರೆಯದು. ಕರೆ ಹೋಗದಿರುವಾಗಲೂ ಎಸ್ಸೆಮ್ಮೆಸ್ ಹಲವೊಮ್ಮೆ ತಲಪುತ್ತದೆ, ಚಾರ್ಜೂ ಉಳಿಯುತ್ತದೆ. ಪ್ರಾಣಾಪಾಯವಿದ್ದರೆ ಗೆಳೆಯರಿಗಲ್ಲ, ಮೊದಲು 112ಕ್ಕೆ ಕರೆ ಮಾಡಬೇಕು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಮೌಲ್ಯಮಾಪನ

ತಮ್ಮೂರಿನ ನದಿಯನ್ನು ಕುರಿತು ಒಂದು ಸಂದೇಶ ಬರೆಸಿ ಪಕ್ಕದ ಮಗುವಿಗೆ ಕೊಡಿಸಿರಿ. ಓದಿದ ಮಗು ಮರುಪ್ರಶ್ನೆ ಕೇಳದೆ ಆರು ಅಂಶಗಳನ್ನೂ ಹೇಳಿದರೆ ಬರವಣಿಗೆ ಸಫಲ. ಕಾಗುಣಿತದ ತಪ್ಪನ್ನು ಆಮೇಲೆ ತಿದ್ದಿರಿ.

ಶಿಕ್ಷಕರ ಗಮನಕ್ಕೆ

ನೆರೆಯಲ್ಲಿ ಮನೆ ಕಳೆದುಕೊಂಡ ಮಕ್ಕಳು ತರಗತಿಯಲ್ಲಿರಬಹುದು. ಅನುಭವ ಹೇಳುವಂತೆ ಅವರನ್ನು ಒತ್ತಾಯಿಸಬೇಡಿರಿ. ಹೇಳಬಯಸಿದರೆ ಅವಸರಪಡಿಸದೆ ಕೇಳಿರಿ. ನೆರೆ ಇಳಿದು ಶಾಲೆ ತೆರೆದ ದಿನ ಹಾಜರಿ ಕೂಗುವಾಗ ಉತ್ತರ ಬಾರದ ಹೆಸರಿನ ಬಳಿ ಗೈರು ಎಂದಷ್ಟೇ ಬರೆದು ಮುಂದೆ ಹೋಗದೆ, ಆ ಮಗುವಿನ ಇಬ್ಬರು ಗೆಳೆಯರನ್ನು ವಿಚಾರಿಸಿರಿ.