ಗಾಜು ಕರಗಿಸಲು ಹೊರಟವಳಿಗೆ ಚಿಕ್ಕಪ್ಪನ ಕಿವಿಮಾತು

ಪುಟ್ಟಿ, ಇನ್ನು ದಿನಾ ವಿಜಯನಗರದಲ್ಲಿ ಮೆಟ್ರೋ ಹತ್ತಿ ಜ್ಞಾನಭಾರತಿಯಲ್ಲಿ ಇಳಿಯುವವಳು ನೀನು. ಅಲ್ಲಿನ ಲ್ಯಾಬಿನಲ್ಲಿ ಎರ್ಬಿಯಂ ಬೆರೆಸಿದ ಗಾಜು ಮಾಡುತ್ತೀಯಂತೆ. ಫಿಸಿಕ್ಸ್ ಪಾಠ ಹೇಳಿ ನಿವೃತ್ತನಾದವನ ಬಾಯಿ ಸುಮ್ಮನಿರುವುದಿಲ್ಲ, ಓದಿಕೋ.

• ಈ ಗಾಜು ಯಾಕೆ ಬೇಕು ಅನ್ನುವುದು ತಲೆಯಲ್ಲಿರಲಿ. ಒಳ್ಳೆಯ ಸಿಲಿಕಾ ಫೈಬರ್‌ನಲ್ಲೂ 1550 ನ್ಯಾನೋಮೀಟರ್ ಬೆಳಕು ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಸೊರಗುತ್ತದೆ. ಕೆಂಗೇರಿಯಲ್ಲಿ ಹೊಕ್ಕ ಬೆಳಕು 80 ಕಿ.ಮೀ. ದಾಟಿ ಮಂಡ್ಯದ ಹತ್ತಿರ ಬರುವಾಗ ಉಳಿಯುವುದು ನಲವತ್ತರಲ್ಲಿ ಒಂದು ಪಾಲು. ಹಿಂದೆ ಅದನ್ನು ವಿದ್ಯುತ್ತಾಗಿಸಿ, ತಿದ್ದಿ, ಮತ್ತೆ ಬೆಳಕಾಗಿಸಬೇಕಿತ್ತು. 1987ರಲ್ಲಿ ಸೌತಾಂಪ್ಟನ್‌ನ ಡೇವಿಡ್ ಪೇನ್, ಬೆಲ್ ಲ್ಯಾಬ್ಸ್‌ನ ಎಮಾನ್ಯುಯೆಲ್ ಡೆಸುರ್ವಿರ್ ಅವರ ತಂಡಗಳು ಎರ್ಬಿಯಂ ಫೈಬರ್ ಬೆಳಕನ್ನು ನೇರವಾಗಿ ವರ್ಧಿಸುವುದನ್ನು ತೋರಿಸಿದ ಮೇಲೆ ಆ ಗೋಳು ತಪ್ಪಿತು.

• ಎರ್ಬಿಯಂ ಜಾಸ್ತಿ ಸುರಿಯಬೇಡ. ಸಿಲಿಕಾದಲ್ಲಿ ಅಯಾನುಗಳು ಗುಂಪುಗೂಡಿ ಶಕ್ತಿಯನ್ನು ತಮ್ಮತಮ್ಮಲ್ಲೇ ಕಳೆದುಬಿಡುತ್ತವೆ. ಅವನ್ನು ಚದುರಿಸಲಿಕ್ಕೇ ಅಲ್ಯುಮಿನಿಯಂ ಸೇರಿಸುವುದು.

• ಬೋರೇಟ್ ಗಾಜಿಗೆ ಹಾಕುವ ಬೋರಿಕ್ ಆಮ್ಲ ಬಿಸಿಯಾದಾಗ ನೀರು ಬಿಡುತ್ತದೆ. ನಿಧಾನವಾಗಿ ಕಾಯಿಸು, ಇಲ್ಲದಿದ್ದರೆ ಮೂಸೆಯಿಂದ ಉಕ್ಕಿ ಫರ್ನೇಸ್ ತುಂಬಾ ಚೆಲ್ಲುತ್ತದೆ. ಗಾಜಿನಲ್ಲಿ ಉಳಿದ ಹೈಡ್ರಾಕ್ಸಿಲ್ ಎರ್ಬಿಯಂನ ಶಕ್ತಿಯನ್ನು ನುಂಗುತ್ತದೆ. ಮಳೆಗಾಲದಲ್ಲಂತೂ ತುಂಡುಗಳು ಡೆಸಿಕೇಟರ್ ಒಳಗೇ ಇರಲಿ.

• ಮುಖ್ಯವಾದ ಮಾತು ಇದು. ಬೋರೇಟ್ ಗಾಜು ಅಗ್ಗ, ಸಾವಿರ ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಕೈ ಪಳಗಲು ಚೆನ್ನ. ಆದರೆ ಅದರ ಜಾಲದ ಕಂಪನ ಸೆಂಟಿಮೀಟರಿಗೆ ಸುಮಾರು 1400 ಅಲೆ. ಎರ್ಬಿಯಂ ಹಿಡಿದಿಟ್ಟ, ಅದೇ ಅಳತೆಯಲ್ಲಿ 6500ರಷ್ಟು ಶಕ್ತಿಯನ್ನು ಐದೇ ಏಟಿಗೆ ಶಾಖ ಮಾಡಿ ಮುಗಿಸುತ್ತದೆ. ಸಿಲಿಕಾದಲ್ಲಿ 10 ಮಿಲಿಸೆಕೆಂಡಿನಷ್ಟು ಬಾಳುವ ಸ್ಥಿತಿ ಇಲ್ಲಿ ಅದರ ಸಣ್ಣ ಪಾಲು ಹೊತ್ತಷ್ಟೇ ನಿಲ್ಲುತ್ತದೆ. ಆದರೂ ಪ್ರಬಂಧದ ಕೊನೆಗೆ ‘ಆಂಪ್ಲಿಫೈಯರ್‌ಗೆ ಯೋಗ್ಯ’ ಎಂದು ಬರೆಯುವವರಿಗೇನು ಕಡಿಮೆಯೇ! ನೀನು ಮೊದಲು ಆ ಸ್ಥಿತಿಯ ಜೀವಿತಾವಧಿ ಅಳೆ. ಜಡ್-ಒಫೆಲ್ಟ್ ಲೆಕ್ಕ ಬೆಳಕಾಗಿ ಹೋಗುವ ಪಾಲನ್ನಷ್ಟೇ ಹೇಳುತ್ತದೆ, ಶಾಖವಾಗಿ ಸೋರುವುದನ್ನಲ್ಲ. ಟೆಲ್ಯುರೈಟ್ ಗಾಜಿನಲ್ಲಿ ಕಂಪನ 750ರ ಸುಮಾರು, ವರ್ಧಿಸುವ ಪಟ್ಟಿಯೂ ಅಗಲ. ಆದರೆ ಅದರ ಫೈಬರನ್ನು ಸಿಲಿಕಾ ಫೈಬರಿಗೆ ಬೆಸೆಯುವುದು ಕಷ್ಟ. ದೂರಸಂಪರ್ಕದ ಸಾಲುಗಳಲ್ಲಿ ಇಂದಿಗೂ ಸಿಲಿಕಾದ್ದೇ ಕಾರುಬಾರು.

• ಅಲ್ಯುಮಿನಾ ಮೂಸೆಯೂ ಸ್ವಲ್ಪ ಕರಗಿ ಗಾಜಿಗೆ ಸೇರುತ್ತದೆ. ತೂಗಿ ಹಾಕಿದ್ದೇ ಗಾಜಿನಲ್ಲಿದೆ ಎಂದು ನಂಬಬೇಡ.

• ಹಿತ್ತಾಳೆ ಅಚ್ಚನ್ನು ಕಾಯಿಸಿಯೇ ಗಾಜು ಸುರಿ, ಕೂಡಲೇ ಅನೀಲಿಂಗ್‌ಗೆ ಇಡು. ಪಾಲಿಶ್ ಮಾಡುವಾಗ ಒಡೆದರೆ ದುಡುಕಿದ್ದು ಅಲ್ಲೇ ಅಂದುಕೋ.

• 980 ನ್ಯಾನೋಮೀಟರ್ ಪಂಪ್ ಹೊಡೆದಾಗ ಗಾಜು ಹಸಿರಾಗಿ ಹೊಳೆಯಬಹುದು. ಚೆಂದವೇ, ಆದರೆ 1550ಕ್ಕೆ ಸಲ್ಲಬೇಕಾದ ಶಕ್ತಿ ಅಷ್ಟು ಖೋತಾ.

• ಆ ಪಂಪ್ ಬೆಳಕು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಆ ತರಂಗಾಂತರಕ್ಕೇ ಮಾಡಿದ ಕನ್ನಡಕ ಹಾಕಿಕೋ. ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ‘ಬರುತ್ತಿದೆಯಾ’ ಎಂದು ನೋಡಬೇಡ, ಪವರ್ ಮೀಟರಿಗೆ ಹಿಡಿ.