ದಮ್ಮಿಗೂ ಕರುಳಿಗೂ ಏನು ನಂಟು?



ಶ್ವಾಸಕೋಶದ ಕಾಯಿಲೆಗೂ ಕರುಳಿನ ಕಾಯಿಲೆಗೂ ಸಂಬಂಧವಿದೆ ಎಂದರೆ ನಂಬಲು ಕಷ್ಟ. ಒಂದು ಎದೆಯಲ್ಲಿದೆ, ಇನ್ನೊಂದು ಹೊಟ್ಟೆಯಲ್ಲಿದೆ. ಆದರೆ ವಿಜ್ಞಾನಿಗಳು ಹಲವು ವರ್ಷಗಳಿಂದ ಇವೆರಡರ ನಡುವಿನ ನಂಟನ್ನು, ಅದರಲ್ಲೂ ವಂಶವಾಹಿಗಳ ಮಟ್ಟದ ನಂಟನ್ನು ಹುಡುಕುತ್ತಿದ್ದಾರೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇದರಲ್ಲಿ ಅರ್ಧ ಭಾಗ ಸಂಖ್ಯಾಶಾಸ್ತ್ರ. ಉಳಿದರ್ಧ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಕಾಯಿಲೆಗಳ ಪರಿಚಯ

ಮೊದಲನೆಯದು ಸಿಒಪಿಡಿ. ಇದರಲ್ಲಿ ಉಸಿರಿನ ನಾಳಗಳು ಕಿರಿದಾಗುತ್ತವೆ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗುತ್ತವೆ. ಕೆಮ್ಮು, ಕಫ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಇದರ ಲಕ್ಷಣ. ನಮ್ಮ ಕಡೆ ಎಲ್ಲವನ್ನೂ ದಮ್ಮು ಅಥವಾ ದಮಾ ಎಂದುಬಿಡುತ್ತಾರೆ. ಆದರೆ ಅಸ್ತಮಾದಲ್ಲಿ ಕಿರಿದಾದ ನಾಳ ಸಾಮಾನ್ಯವಾಗಿ ಮತ್ತೆ ತೆರೆದುಕೊಳ್ಳುತ್ತದೆ, ಸಿಒಪಿಡಿಯಲ್ಲಿ ಪೂರ್ತಿ ತೆರೆದುಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ಸತ್ತರು.

ಎರಡನೆಯದು ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ. ಇದರಲ್ಲಿ ಮುಖ್ಯವಾಗಿ ಎರಡು ವಿಧ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ರಕ್ತ ಬೆರೆತ ಭೇದಿ, ಹೊಟ್ಟೆನೋವು, ತೂಕ ಇಳಿಯುವುದು ಇದರ ಲಕ್ಷಣಗಳು. ಇದು ಹೆಚ್ಚಾಗಿ ಯೌವನದಲ್ಲೇ, ಅಂದರೆ ನಮ್ಮ ವಯಸ್ಸಿನ ಆಸುಪಾಸಿನಲ್ಲೇ ಶುರುವಾಗುತ್ತದೆ.

ನಂಟು ಎಲ್ಲಿಂದ ಬಂತು?

ತಾಯಿಯ ಗರ್ಭದಲ್ಲಿ ನಾಲ್ಕನೆಯ ವಾರದ ಹೊತ್ತಿಗೆ, ಮುಂದೆ ಅನ್ನನಾಳವೂ ಜಠರವೂ ಆಗಬೇಕಾದ ಕೊಳವೆಯಿಂದಲೇ ಒಂದು ಮೊಗ್ಗು ಹೊರಡುತ್ತದೆ. ಆ ಮೊಗ್ಗೇ ಬೆಳೆದು ಶ್ವಾಸಕೋಶವಾಗುತ್ತದೆ. ಅಂದರೆ ಉಸಿರಿನ ದಾರಿ ಮತ್ತು ಊಟದ ದಾರಿ ಒಂದೇ ತವರಿನವು. ಎರಡಕ್ಕೂ ಒಳಗಡೆ ಲೋಳೆಪೊರೆ ಇದೆ. ಎರಡೂ ಹೊರಗಿನ ಪ್ರಪಂಚಕ್ಕೆ ತೆರೆದ ಬಾಗಿಲುಗಳು. ಒಂದಕ್ಕೆ ಗಾಳಿ, ಧೂಳು, ಹೊಗೆ ಬರುತ್ತದೆ. ಇನ್ನೊಂದಕ್ಕೆ ಅನ್ನ, ನೀರು ಮತ್ತು ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಒಳಗೆ ಬಂದದ್ದು ಶತ್ರುವೋ ಅಲ್ಲವೋ ಎಂದು ಕಾವಲಿನ ಜೀವಕೋಶಗಳು ನಿರ್ಧರಿಸಬೇಕು. ಆ ಕಾವಲು ಅತಿಯಾಗಿ, ನಿಲ್ಲದೆ ಕೆಲಸ ಮಾಡಿದರೆ ಅದೇ ಉರಿಯೂತ.

ಸ್ವೀಡನ್ ದೇಶದಲ್ಲಿ ಆಸ್ಪತ್ರೆ ದಾಖಲೆಗಳನ್ನು ಆಧರಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸಿಒಪಿಡಿ ಇರುವವರಿಗೆ ಕ್ರೋನ್ಸ್ ಕಾಯಿಲೆ ಬರುವ ಸಾಧ್ಯತೆ ಇತರರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅಲ್ಸರೇಟಿವ್ ಕೊಲೈಟಿಸ್ ಬರುವ ಸಾಧ್ಯತೆಯೂ ಹೆಚ್ಚಿತ್ತು.

ಸಹಸಂಬಂಧವೇ ಕಾರಣವಲ್ಲ

ಇಲ್ಲಿ ನಮ್ಮ ವಿಭಾಗದವರು ಸ್ವಲ್ಪ ನಿಲ್ಲಬೇಕು. ಕಾರ್ಲ್ ಪಿಯರ್ಸನ್ ಸಹಸಂಬಂಧ ಗುಣಾಂಕ ಕಲಿಯುವಾಗ ಮೊದಲು ಕೇಳುವ ಎಚ್ಚರಿಕೆ ಒಂದೇ. ಎರಡು ಅಂಕಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಇಲ್ಲೂ ಹಾಗೆಯೇ. ಬೀಡಿ ಸಿಗರೇಟು ಸೇದುವವರಿಗೆ ಸಿಒಪಿಡಿಯೂ ಕ್ರೋನ್ಸ್ ಕಾಯಿಲೆಯೂ ಹೆಚ್ಚು. ಹಾಗಾದರೆ ನಂಟು ಬರೀ ಹೊಗೆಯದ್ದಿರಬಹುದು. ಅಥವಾ ಒಂದು ಕಾಯಿಲೆಗೆ ಆಸ್ಪತ್ರೆಗೆ ಹೋಗಿಬರುವವರಿಗೆ ಪರೀಕ್ಷೆ ಹೆಚ್ಚು ಆಗಿ, ಎರಡನೆಯದು ಬೇಗ ಪತ್ತೆಯಾಗುತ್ತಿರಬಹುದು.

ಇದನ್ನು ಬಿಡಿಸಲು ವಿಜ್ಞಾನಿಗಳು ವಂಶವಾಹಿಗಳನ್ನೇ ಬಳಸುತ್ತಾರೆ. ತಂದೆತಾಯಿಯ ವಂಶವಾಹಿಗಳಲ್ಲಿ ಮಗುವಿಗೆ ಯಾವುದು ಬರುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ನಾವು ಮುಂದೆ ಸೇದಿದರೂ ಬಿಟ್ಟರೂ ಆ ಚೀಟಿ ಬದಲಾಗುವುದಿಲ್ಲ. ಆದ್ದರಿಂದ ಒಂದು ಕಾಯಿಲೆಗೆ ಸಂಬಂಧಿಸಿದ ಚೀಟಿಗಳು ಸಿಕ್ಕವರಿಗೆ ಇನ್ನೊಂದು ಕಾಯಿಲೆಯೂ ಹೆಚ್ಚಾಗಿ ಬರುತ್ತದೆಯೇ ಎಂದು ಲೆಕ್ಕ ಹಾಕಬಹುದು. ಇದಕ್ಕೆ ಮೆಂಡೆಲನ ಹೆಸರನ್ನೇ ಇಟ್ಟಿದ್ದಾರೆ. ಇಂಥ ಲೆಕ್ಕಗಳ ಉತ್ತರ ಎಲ್ಲ ಕಡೆ ಒಂದೇ ರೀತಿ ಬಂದಿಲ್ಲ.

ಒಂದು ವಂಶವಾಹಿಯಲ್ಲ, ನೂರಾರು

ಐಬಿಡಿಗೆ ಸಂಬಂಧಿಸಿದ ಮೊದಲ ಮುಖ್ಯ ವಂಶವಾಹಿ ನಾಡ್-2. ಇದು 2001ರಲ್ಲಿ ಪತ್ತೆಯಾಯಿತು. ಕರುಳಿನೊಳಗಿನ ಬ್ಯಾಕ್ಟೀರಿಯಾವನ್ನು ಗುರುತಿಸುವುದು ಅದರ ಕೆಲಸ. ಈಗ ಐಬಿಡಿಗೆ ಸಂಬಂಧಿಸಿದ 200ಕ್ಕೂ ಹೆಚ್ಚು ಜಾಗಗಳು ನಮ್ಮ ವರ್ಣತಂತುಗಳಲ್ಲಿ ಗೊತ್ತಾಗಿವೆ. ಸಿಒಪಿಡಿಗೆ ಸಂಬಂಧಿಸಿದ 82 ಜಾಗಗಳನ್ನು 2019ರ ಒಂದು ದೊಡ್ಡ ಅಧ್ಯಯನ ಪಟ್ಟಿ ಮಾಡಿತು. ಒಂದೊಂದರ ಪಾಲು ಬಹಳ ಸಣ್ಣದು. ಸಾಲದ ದೊಡ್ಡ ಮೊತ್ತವಲ್ಲ, ಕಿರಾಣಿ ಅಂಗಡಿಯ ಪುಸ್ತಕದಲ್ಲಿ ಬರೆದ ಚಿಲ್ಲರೆ ಬಾಕಿಗಳ ಹಾಗೆ.

ನಂಟು ಇದೆ ಎಂದ ಮಾತ್ರಕ್ಕೆ ಮದ್ದೂ ಒಂದೇ ಎಂದಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿ ಐಬಿಡಿ ರೋಗಿಗಳಿಗೆ ಉಪಯೋಗವಾಗಿದೆ. ಅದನ್ನೇ ಸಿಒಪಿಡಿ ರೋಗಿಗಳಿಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ, 2007ರಲ್ಲಿ, ಪ್ರಯೋಜನ ಕಾಣಲಿಲ್ಲ.

ನಮ್ಮವರ ಲೆಕ್ಕ ಎಲ್ಲಿ?

ನಾಡ್-2ರಲ್ಲಿ ಯುರೋಪಿನವರಲ್ಲಿ ಸಾಮಾನ್ಯವಾಗಿ ಸಿಗುವ ಬದಲಾವಣೆಗಳು ಭಾರತೀಯರಲ್ಲಿ ಬಹಳ ಅಪರೂಪ. ಆದರೂ ನಮ್ಮಲ್ಲಿ ಕ್ರೋನ್ಸ್ ಕಾಯಿಲೆ ಇದೆ. ಅಂದರೆ ಬೇರೆಯವರ ಪಟ್ಟಿಯಿಂದ ನಮ್ಮ ಅಪಾಯವನ್ನು ಅಳೆಯಲಾಗದು. ಇದಕ್ಕಾಗಿ ದೇಶದ 20 ಸಂಸ್ಥೆಗಳು ಸೇರಿ ಜೀನೋಮ್ ಇಂಡಿಯಾ ಯೋಜನೆ ನಡೆಸಿದವು. 10,000 ಭಾರತೀಯರ ಪೂರ್ಣ ವಂಶವಾಹಿ ನಕ್ಷೆಯನ್ನು ಓದಿ, ಅದರ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಅದರ ಮುಂದಾಳತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಅದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಬಸ್ಸಿನ ಕಿಟಕಿಯಿಂದ ಅದರ ಕಾಂಪೌಂಡು ನೋಡುವ ನಮ್ಮಲ್ಲಿ ಯಾರಾದರೂ ಮುಂದೆ ಈ ಲೆಕ್ಕಕ್ಕೆ ಕೈ ಹಾಕಿದರೆ ಆಶ್ಚರ್ಯವಿಲ್ಲ.

ಒಲೆಯ ಲೆಕ್ಕ

ಸಿಒಪಿಡಿಯಲ್ಲಿ ವಂಶವಾಹಿಗಿಂತ ನಮ್ಮ ಕೈಯಲ್ಲಿರುವ ಕಾರಣ ಹೊಗೆ. ಮೈಸೂರಿನ ವೈದ್ಯರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂರುತ್ತಾರೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಬೇಕು. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಕಫ ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ 4 ಗಂಟೆಯಂತೆ 15 ವರ್ಷವಾದರೆ 60 ಆಯಿತು. ಬಳ್ಳಾರಿ ಜಾಲಿ ಸೌದೆ ಉರಿಸಿ ರೊಟ್ಟಿ ಬಡಿದ ನಮ್ಮ ದಾದಿ, ನಾನಿಯರ ಲೆಕ್ಕ ಹಾಕಿ ನೋಡಿ. ಒಂದು ಬೀಡಿಯನ್ನೂ ಮುಟ್ಟದವರಿಗೆ ದಮ್ಮು ಯಾಕೆ ಬಂತು ಎಂಬುದಕ್ಕೆ ಉತ್ತರ ಸಿಗಬಹುದು.

ಮುಚ್ಚಿಡುವುದರ ನಷ್ಟ

ಸಂಬಂಧ ನೋಡುವಾಗ ನಮ್ಮ ಕಡೆ ಮೆಲ್ಲಗೆ ಕೇಳುತ್ತಾರೆ: "ಘರ್ ಮೇ ಕಿಸೀಕು ಬೀಮಾರಿ ಹೈ ಕ್ಯಾ?" ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ ಎಂದು. ಕನ್ನಡ ಮಾತಾಡುವ ಮನೆಗಳಲ್ಲೂ ಈ ಪ್ರಶ್ನೆ ಇದೆ. ಈ ಹೆದರಿಕೆಗೆ ಅಕ್ಕಂದಿರ ದಮ್ಮು ಮುಚ್ಚಿಡುತ್ತಾರೆ. ರಕ್ತ ಬಿದ್ದರೆ ಬವಾಸೀರ್, ಮೂಲವ್ಯಾಧಿ ಎಂದು ತಾವೇ ಹೆಸರಿಟ್ಟು ಅಂಗಡಿ ಪುಡಿ ತಿನ್ನುತ್ತಾರೆ. ವರ್ಷಗಳು ಕಳೆದು ಹೋಗುತ್ತವೆ. ಮೇಲೆ ಹೇಳಿದ ವಿಜ್ಞಾನದಿಂದ ಒಂದು ಮಾತು ಸ್ಪಷ್ಟ. ನೂರಾರು ಸಣ್ಣ ಬಾಕಿಗಳಲ್ಲಿ ಕೆಲವು ಪ್ರತಿ ಮನೆಯ ಪುಸ್ತಕದಲ್ಲೂ ಇವೆ. ಯಾವ ಖಾನ್ದಾನೂ ಪೂರ್ತಿ ಖಾಲಿಯಿಲ್ಲ. ಅಪಾಯ ಇದ್ದವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. ಆದ್ದರಿಂದ ಮನೆತನದ ಕಾಯಿಲೆಯ ವಿವರ ಮಾನಕ್ಕೆ ಕುಂದಲ್ಲ, ವೈದ್ಯರಿಗೆ ಬೇಕಾದ ಮಾಹಿತಿ.

ನೆನಪಿಡಬೇಕಾದ ಅಂಶಗಳು

1. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಮೊದಲು ಕ್ಷಯದ ಪರೀಕ್ಷೆ ಮಾಡಿಸಬೇಕು. ಸಿಒಪಿಡಿ ಅನುಮಾನ ಬಂದರೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಇದೆ.

2. ಭೇದಿಯಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ನಾಚದೆ ವೈದ್ಯರಿಗೆ ಹೇಳಬೇಕು. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಡಲು ಒಂದೇ ತರಹ ಇರುತ್ತವೆ, ಚಿಕಿತ್ಸೆ ಮಾತ್ರ ಬೇರೆ. ಸ್ವಂತ ಔಷಧಿ ಬೇಡ.

3. ಐಬಿಡಿ ಇರುವವರಿಗೆ ಏದುಸಿರು ಬಂದರೂ, ದಮ್ಮು ಇರುವವರಿಗೆ ಹೊಟ್ಟೆಯ ತೊಂದರೆ ಮುಂದುವರಿದರೂ ಎರಡನ್ನೂ ಒಂದೇ ಚೀಟಿಯಲ್ಲಿ ಬರೆಸಬೇಕು.

4. ಅಬ್ಬಾ, ಅಮ್ಮಿ, ಅಜ್ಜ, ಅಜ್ಜಿ, ಒಡಹುಟ್ಟಿದವರ ಕಾಯಿಲೆಗಳನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ.

5. ಬೀಡಿ, ಸಿಗರೇಟು ಮುಟ್ಟಬೇಡಿ. ಸೌದೆ ಒಲೆ ಅನಿವಾರ್ಯವಾದರೆ ಕಿಟಕಿ ತೆರೆದಿಡಿ, ಒಲೆಯ ಮುಂದಿನ ಗಂಟೆಗಳನ್ನು ಮನೆಯವರೆಲ್ಲ ಹಂಚಿಕೊಳ್ಳಿ.

ವಂಶವಾಹಿಯ ಚೀಟಿಯನ್ನು ನಾವು ಬದಲಾಯಿಸಲಾರೆವು. ಈ ಐದು ಕೆಲಸಗಳು ಮಾತ್ರ ನಮ್ಮ ಕೈಯಲ್ಲೇ ಇವೆ.