ಪುಕ್ಕಟೆಯಾಗಿ ದೊರೆತುದನ್ನು ಹಂಚುವ ಹಕ್ಕು

ತಂತ್ರಾಂಶವೊಂದನ್ನು ರಚಿಸಿದವನು ಅದನ್ನು ಇತರರ ಗಣಕಯಂತ್ರದಲ್ಲಿ ನೆಲೆಗೊಳಿಸಲು ಇನ್‌ಸ್ಟಾಲರ್ ಎಂಬ ಕಟ್ಟನ್ನು ಸಿದ್ಧಪಡಿಸುತ್ತಾನೆ. ಅದು ಸರಿಯಾಗಿ ನಡೆಯಲು ಬೇರೊಂದು ಸಂಸ್ಥೆಯ ಅಪ್‌ಡೇಟ್ ಆ ಯಂತ್ರದಲ್ಲಿ ಮೊದಲೇ ಇರಬೇಕಾಗುವುದುಂಟು. ಆ ಅಪ್‌ಡೇಟ್ ಅಂತರಜಾಲದಲ್ಲಿ ಪುಕ್ಕಟೆಯಾಗಿಯೇ ದೊರೆಯುತ್ತದೆ. ಹಾಗಾದರೆ ಅದನ್ನೂ ತನ್ನ ಕಟ್ಟಿನೊಳಗೆ ಸೇರಿಸಿ ಹಂಚಬಹುದೇ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯು ಗಣಕದ ಪ್ರೋಗ್ರಾಮುಗಳನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿತು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದು ಮೊದಲು ವಿನೋದವಾಗಿ ಕಂಡರೂ ಆಮೇಲೆ ಉಪಯುಕ್ತವೆನಿಸಿತು. ಕಾದಂಬರಿಯನ್ನು ಕೊಂಡವನು ಓದಬಹುದು, ಅಚ್ಚುಹಾಕಿಸಿ ಹಂಚಲಾರ. ಸ್ನೇಹಿತನು ಅದನ್ನು ಉಚಿತವಾಗಿ ಕೊಟ್ಟಿದ್ದರೂ ಈ ಮಾತು ಬದಲಾಗದು. ತಂತ್ರಾಂಶಕ್ಕೂ ಇದೇ ನ್ಯಾಯ. ಕಾಯಿದೆಯ 52ನೆಯ ಕಲಮು ನ್ಯಾಯವಾಗಿ ಪಡೆದವನಿಗೆ ಅದರ ಉಪಯೋಗಕ್ಕಾಗಿಯೂ, ನಷ್ಟವಾದೀತೆಂಬ ಮುನ್ನೆಚ್ಚರಿಕೆಗಾಗಿಯೂ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಹಂಚುವುದಕ್ಕೆ ಸ್ವಾಮ್ಯವುಳ್ಳವರ ಲೈಸೆನ್ಸ್ ಬೇಕು. 30ನೆಯ ಕಲಮಿನ ಪ್ರಕಾರ ಅದು ಲಿಖಿತವಾಗಿರಬೇಕು.

ಇದಕ್ಕೊಂದು ನಿದರ್ಶನವುಂಟು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಅಪ್‌ಡೇಟುಗಳನ್ನು ಒಂದೇ ಕಟ್ಟಾಗಿ ಮಾಡಿ ಹಂಚುತ್ತಿದ್ದ ಆಟೋಪ್ಯಾಚರ್ ಎಂಬ ಯೋಜನೆಯನ್ನು ನಿಲ್ಲಿಸುವಂತೆ 2007ರ ಆಗಸ್ಟಿನಲ್ಲಿ ಆ ಸಂಸ್ಥೆ ಕೇಳಿತು. ಅಪ್‌ಡೇಟುಗಳು ಎಲ್ಲರಿಗೂ ಉಚಿತವಾಗಿದ್ದರೂ ಹಂಚುವ ಹಕ್ಕು ಉಚಿತವಾಗಿರಲಿಲ್ಲ. ಯೋಜನೆಯವರು ಆಮೇಲೆ ದಾರಿ ಬದಲಿಸಿದರು: ಅವರ ಉಪಕರಣವು ಕಡತಗಳನ್ನು ಮೈಕ್ರೋಸಾಫ್ಟಿನ ಸರ್ವರಿನಿಂದಲೇ ಬಳಕೆದಾರನ ಯಂತ್ರಕ್ಕೆ ಇಳಿಸಿಕೊಡತೊಡಗಿತು.

ಹಾಗೆಂದು ಎಲ್ಲ ಲೈಸೆನ್ಸುಗಳೂ ಒಂದೇ ತೆರನಲ್ಲ. ವಿಷುಯಲ್ ಸ್ಟುಡಿಯೋ ಬಳಸಿ ಪ್ರೋಗ್ರಾಮು ಬರೆಯುವವರು ಯಾವ ಕಡತಗಳನ್ನು ತಮ್ಮ ಕೃತಿಯೊಡನೆ ಹಂಚಬಹುದೆಂಬ ಪಟ್ಟಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಕೊಟ್ಟಿದೆ. ಎಂಐಟಿ ಲೈಸೆನ್ಸಿನ ತಂತ್ರಾಂಶವನ್ನು ಅದರ ಸ್ವಾಮ್ಯಸೂಚನೆ ಉಳಿಸಿಕೊಂಡು ಹಂಚಬಹುದು. 1991ರ ಜಿಪಿಎಲ್ ಎರಡನೆಯ ಆವೃತ್ತಿಯಾದರೋ ಮೂಲಸಂಕೇತವನ್ನು ಜೊತೆಗೆ ಕೊಡಬೇಕೆನ್ನುತ್ತದೆ; ಇಲ್ಲವೇ ಕನಿಷ್ಠ 3 ವರ್ಷ ಊರ್ಜಿತವಾಗಿರುವ ಲಿಖಿತ ಭರವಸೆಯನ್ನು ಕೇಳುತ್ತದೆ.

ಅಂತರಜಾಲವಿಲ್ಲದ ಹಳ್ಳಿಯ ಶಾಲೆಗೆ ಒಂದೇ ಪೆನ್‌ಡ್ರೈವಿನಲ್ಲಿ ಎಲ್ಲವನ್ನೂ ಒಯ್ದರೆ ತಪ್ಪೇನೆಂದು ಕೆಲವರು ಕೇಳಬಹುದು. ಆ ಕಷ್ಟ ಸುಳ್ಳಲ್ಲ. ಅಪ್‌ಡೇಟಿಲ್ಲದ ಯಂತ್ರ ವೈರಸ್ಸಿಗೆ ಸುಲಭವಾದ ತುತ್ತು. ಆದರೆ ಕೈಯಿಂದ ಕೈಗೆ ಬಂದ ಕಡತದಲ್ಲಿ ಯಾರಾದರೂ ಕೇಡನ್ನು ಬೆರೆಸಿದ್ದರೆ ಆ ಶಾಲೆಯ ಉಪಾಧ್ಯಾಯರಿಗೆ ಅದು ತಿಳಿಯುವುದೆಂತು? ಸದುದ್ದೇಶವು ಅನುಮತಿಯ ಸ್ಥಾನವನ್ನು ತುಂಬಲಾರದೆಂದೇ ನನ್ನ ಅಭಿಪ್ರಾಯ.

ಆದುದರಿಂದ ತಂತ್ರಾಂಶ ರಚಿಸುವ ನಮ್ಮ ಮಿತ್ರರು ಮೊದಲು ಲೈಸೆನ್ಸನ್ನು ಪೂರ್ತಿಯಾಗಿ ಓದಲಿ. ಅದರಲ್ಲಿ ಅನುಮತಿಯಿಲ್ಲದಿದ್ದರೆ ಬರೆದು ಕೇಳಲಿ. ಉತ್ತರ ಬಾರದಿದ್ದರೆ ಮೌನವನ್ನು ಸಮ್ಮತಿಯೆಂದು ತಿಳಿಯದೆ, ಬಳಕೆದಾರನಿಗೆ ಮೂಲಸ್ಥಾನದ ದಾರಿಯನ್ನು ತೋರಿಸಲಿ.